ಸಭಾ ನಡಾವಳಿ ಪದ್ಧತಿ

ಸಭಾ ನಡಾವಳಿ ಪದ್ಧತಿ ಎಂದರೆ ಶಾಸನಸಭೆ, ಸ್ಥಳೀಯ ಸಂಸ್ಥೆ, ಸಹಕಾರ ಸಂಘ, ಕಂಪನಿ ಅಥವಾ ನೋಂದಾಯಿತ ಸಂಘಗಳು ಸಭೆ ಕರೆಯಲು, ಚರ್ಚಿಸಲು, ಮತ ಎಣಿಸಲು ಮತ್ತು ತೀರ್ಮಾನವನ್ನು ದಾಖಲಿಸಲು ಅನುಸರಿಸುವ ನಿಯಮಗಳ ಸಮುದಾಯ. ಇದರ ಬಹುಪಾಲು ಬ್ರಿಟಿಷ್ ಸಂಸತ್ತಿನ ರೂಢಿಗಳಿಂದ ಬಂದುದು. ಸಭೆಯ ಕಾಲವನ್ನು ಉಳಿಸುವುದು ಈ ನಿಯಮಗಳ ಒಂದು ಉದ್ದೇಶ. ಸಭೆಗೆ ಬಾರದವರ ಹಾಗೂ ಸಭೆಯಲ್ಲಿ ಸೋತವರ ಹಕ್ಕನ್ನು ಕಾಯುವುದು ಅದಕ್ಕಿಂತ ಮುಖ್ಯವಾದ ಮತ್ತೊಂದು ಉದ್ದೇಶ. ಕರ್ನಾಟಕದ ರಾಜಕೀಯ ಇತಿಹಾಸದಲ್ಲಿ, ವಿಶೇಷವಾಗಿ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದಾಗ ನಡೆದ 1969ರ ಕಾಂಗ್ರೆಸ್ ವಿಭಜನೆಯಲ್ಲಿಯೂ 1989ರ ಬೊಮ್ಮಾಯಿ ಸರ್ಕಾರದ ವಜಾ ಪ್ರಕರಣದಲ್ಲಿಯೂ, ಸಭೆಯನ್ನು ಯಾರು ಕರೆಯಬೇಕು ಮತ್ತು ಬಹುಮತವನ್ನು ಎಲ್ಲಿ ಎಣಿಸಬೇಕು ಎಂಬ ಪ್ರಶ್ನೆಗಳು ದೇಶದ ರಾಜಕಾರಣದ ದಿಕ್ಕನ್ನೇ ಬದಲಿಸಿದವು.

ಪರಿಭಾಷೆ

ಕನ್ನಡದಲ್ಲಿ ‘ನಡಾವಳಿ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಸಭೆ ನಡೆಯುವ ರೀತಿಯೂ ನಡಾವಳಿಯೇ, ಸಭೆಯ ಬಳಿಕ ಪುಸ್ತಕದಲ್ಲಿ ಬರೆದಿಡುವ ವರದಿಯೂ ನಡಾವಳಿಯೇ. ಸಭೆಯ ಮುಂದಿಡುವ ಸಲಹೆಯನ್ನು ಪ್ರಸ್ತಾವ ಅಥವಾ ಸೂಚನೆ ಎಂದೂ, ಅಂಗೀಕೃತವಾದುದನ್ನು ನಿರ್ಣಯ ಎಂದೂ ಕರೆಯುತ್ತಾರೆ. ಹಳೆಯ ಮೈಸೂರು ಮತ್ತು ಮುಂಬಯಿ ಪ್ರಾಂತದ ದಾಖಲೆಗಳ ಪ್ರಭಾವದಿಂದ ‘ಗೊತ್ತುವಳಿ’, ‘ಠರಾವು’ ಎಂಬ ಪದಗಳೂ ಬಳಕೆಯಲ್ಲಿವೆ. ಪ್ರಸ್ತಾವವನ್ನು ಮಂಡಿಸುವವರು ಸೂಚಕರು, ಬೆಂಬಲಿಸುವವರು ಅನುಮೋದಕರು. ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ ‘ಗಣಪೂರ್ತಿ’ ಎಂಬ ಪದವಿದ್ದರೂ ಪಂಚಾಯಿತಿಯಿಂದ ವಿಧಾನಸೌಧದವರೆಗೆ ಎಲ್ಲರ ಬಾಯಲ್ಲಿರುವುದು ‘ಕೋರಂ’. ನಿಯಮ ಮುರಿದಾಗ ಎತ್ತುವ ಆಕ್ಷೇಪಕ್ಕೆ ಕರ್ನಾಟಕ ವಿಧಾನಮಂಡಲದಲ್ಲಿ ‘ಕ್ರಿಯಾಲೋಪ’ ಎನ್ನುತ್ತಾರೆ. ಅರ್ಥ ತಾನೇ ಹೊಳೆಯುವ ಒಳ್ಳೆಯ ಪದವಿದು. ಸಂಘ ಸಂಸ್ಥೆಗಳೂ ಇದನ್ನು ಬಳಸಬಹುದು.

ಹಿನ್ನೆಲೆ

ಕ್ರಮಬದ್ಧ ಸಭೆ ಭಾರತಕ್ಕೆ ಪೂರ್ತಿ ಹೊರಗಿನದಲ್ಲ. 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಬೌದ್ಧ ಭಿಕ್ಷು ಸಂಘಗಳಿಗೆ ಆಸನ ವ್ಯವಸ್ಥೆ, ಪ್ರಸ್ತಾವ, ಕೋರಂ, ಮತ ಎಣಿಕೆ, ಗುಪ್ತ ಮತದಾನ ಮೊದಲಾದವುಗಳ ನಿಯಮಗಳು ತಿಳಿದಿದ್ದವು ಎಂದು ನೆನಪಿಸಿದ್ದರು. ತಮಿಳುನಾಡಿನ ಉತ್ತರಮೇರೂರಿನ ಹತ್ತನೆಯ ಶತಮಾನದ ಚೋಳ ಶಾಸನಗಳು ಗ್ರಾಮಸಭೆಯ ಸಮಿತಿಗಳಿಗೆ ಚೀಟಿ ಎತ್ತಿ ಸದಸ್ಯರನ್ನು ಆರಿಸುವ ಕ್ರಮವನ್ನೂ ಅನರ್ಹತೆಗಳನ್ನೂ ವಿವರಿಸುತ್ತವೆ. ಚಿತ್ರದುರ್ಗ ಸೀಮೆಯ ಮ್ಯಾಸನಾಯಕ ಮತ್ತು ಕಾಡುಗೊಲ್ಲ ಸಮುದಾಯಗಳ ಕಟ್ಟೆಮನೆಗಳಲ್ಲಿ ಯಜಮಾನರ ಸಮ್ಮುಖದಲ್ಲಿ ನ್ಯಾಯ ನಡೆಯುತ್ತದೆ. ಆದರೆ ಅಲ್ಲಿ ತಲೆ ಎಣಿಸುವುದಿಲ್ಲ, ಎಲ್ಲರೂ ಒಪ್ಪುವವರೆಗೆ ಮಾತು ಮುಂದುವರಿಯುತ್ತದೆ. ಒಪ್ಪಿಗೆಯ ಸಭೆಗೂ ಬಹುಮತದ ಸಭೆಗೂ ಇರುವ ಈ ವ್ಯತ್ಯಾಸವನ್ನು ಮರೆತರೆ ಮುಂದಿನ ನಿಯಮಗಳಲ್ಲಿ ಅನೇಕವು ಅರ್ಥವಾಗುವುದಿಲ್ಲ. ಬಹುಮತದಿಂದ ತೀರ್ಮಾನಿಸುವ ಸಭೆಯಲ್ಲಿ ಯಾರಾದರೂ ಸೋಲಲೇಬೇಕು. ಸೋತವನೂ ಒಪ್ಪಿ ಮನೆಗೆ ಹೋಗುವಂತಿರಬೇಕಾದರೆ ಸೋಲು ಸರಿಯಾದ ಕ್ರಮದಲ್ಲಿ ಬಂದಿರಬೇಕು.

ಮೈಸೂರು ಸಂಸ್ಥಾನದಲ್ಲಿ ದಿವಾನ್ ಸಿ.ವಿ. ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯು 1881ರ ಅಕ್ಟೋಬರ್ 7ರಂದು 144 ಸದಸ್ಯರೊಂದಿಗೆ ಮೊದಲ ಬಾರಿಗೆ ಸೇರಿತು. ಮೊದಲಲ್ಲಿ ಅದು ದಿವಾನರ ಆಡಳಿತ ವರದಿಯನ್ನು ಕೇಳಿ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುವ ವೇದಿಕೆಯಾಗಿತ್ತೇ ಹೊರತು ಮತ ಹಾಕಿ ತೀರ್ಮಾನಿಸುವ ಸಭೆಯಾಗಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪನೆಯಾಯಿತು. 1923ರಲ್ಲಿ ಎರಡಕ್ಕೂ ಶಾಸನಬದ್ಧ ಸ್ಥಾನ ವಿಸ್ತಾರಗೊಂಡಿತು.

ಹೊರಗಿನ ಗ್ರಂಥಗಳಲ್ಲಿ ಎರಡನ್ನು ಹೆಸರಿಸಬೇಕು. ಥಾಮಸ್ ಅರ್ಸ್ಕಿನ್ ಮೇ ಅವರು 1844ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಬ್ರಿಟಿಷ್ ಪದ್ಧತಿಯನ್ನು ಅನುಸರಿಸುವ ಶಾಸನಸಭೆಗಳ ಆಕರ. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ ಅವರು 1863ರಲ್ಲಿ ನ್ಯೂ ಬೆಡ್‌ಫರ್ಡ್ ನಗರದ ಚರ್ಚೊಂದರ ಸಭೆಗೆ ಅಧ್ಯಕ್ಷರಾಗಬೇಕಾಗಿ ಬಂದು, ಅದನ್ನು ನಡೆಸಲಾಗದೆ ಮುಜುಗರಕ್ಕೆ ಒಳಗಾದರು. ಅದರ ಫಲವಾಗಿ 1876ರಲ್ಲಿ ಸಾಮಾನ್ಯ ಸಂಘಗಳಿಗಾಗಿ ಅವರು ಬರೆದ ಕೈಪಿಡಿ ‘ರಾಬರ್ಟ್ಸ್ ರೂಲ್ಸ್’ ಎಂದು ಪ್ರಸಿದ್ಧವಾಯಿತು. ನಮ್ಮ ಸಂಘಗಳು ಯಾವ ಗ್ರಂಥದ ಹೆಸರನ್ನೂ ಹೇಳದೆ, ತಮ್ಮ ಬೈಲಾ ಮತ್ತು ಸಂಬಂಧಪಟ್ಟ ಕಾಯ್ದೆಯ ಆಧಾರದಲ್ಲಿ ನಡೆಯುತ್ತವೆ. ಬೈಲಾ ಮೌನವಾಗಿರುವ ಕಡೆ ಶಾಸನಸಭೆಯ ರೂಢಿಯನ್ನು ಅನುಸರಿಸುವುದು ವಾಡಿಕೆ.

ಸಭೆ ಕರೆಯುವ ಅಧಿಕಾರ

ಸಭೆಯ ಸಿಂಧುತ್ವ ಅದು ಸೇರುವ ಮೊದಲೇ ನಿರ್ಧಾರವಾಗುತ್ತದೆ. ಕರೆಯುವ ಅಧಿಕಾರವುಳ್ಳವರು, ನಿಗದಿತ ಅವಧಿಯ ನೋಟಿಸ್ ನೀಡಿ, ಸ್ಥಳ, ದಿನ, ವೇಳೆ ಮತ್ತು ಕಾರ್ಯಸೂಚಿಯನ್ನು ತಿಳಿಸಿ ಕರೆದಿರಬೇಕು. ನೋಟಿಸಿನಲ್ಲಿ ‘ಪೂರ್ಣ ದಿನಗಳು’ ಎಂದಿದ್ದರೆ ನೋಟಿಸ್ ತಲುಪಿದ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸಬೇಕು. ಈ ಒಂದು ದಿನದ ಲೆಕ್ಕಕ್ಕಾಗಿ ಪಂಚಾಯಿತಿ ಅಧ್ಯಕ್ಷರ ವಿರುದ್ಧದ ಅವಿಶ್ವಾಸ ಸಭೆಗಳು ಹೈಕೋರ್ಟಿನವರೆಗೂ ಹೋಗಿವೆ.

ಕಾರ್ಯಸೂಚಿಯ ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು’ ಎಂಬ ಸಾಲು ಎಲ್ಲ ನೋಟಿಸುಗಳಲ್ಲಿಯೂ ಇರುತ್ತದೆ. ಇದು ಸಣ್ಣಪುಟ್ಟ, ತುರ್ತಿನ ಸಂಗತಿಗಳಿಗೆ ಮೀಸಲು. ನಿವೇಶನ ಮಾರಾಟ, ಬೈಲಾ ತಿದ್ದುಪಡಿ, ಪದಾಧಿಕಾರಿಯ ಪದಚ್ಯುತಿ ಇಂಥವನ್ನು ಈ ಸಾಲಿನಡಿ ತಂದರೆ, ಅದನ್ನು ತಿಳಿದಿದ್ದರೆ ಬರುತ್ತಿದ್ದ ಸದಸ್ಯನಿಗೆ ಅನ್ಯಾಯವಾಗುತ್ತದೆ. ಅಂಥ ತೀರ್ಮಾನಗಳು ಪ್ರಶ್ನೆಗೆ ಒಳಗಾದಾಗ ನಿಲ್ಲುವುದು ಕಷ್ಟ.

ಅಧ್ಯಕ್ಷರೇ ಸಭೆ ಕರೆಯಲು ಒಪ್ಪದಿದ್ದರೆ ಏನು ಮಾಡಬೇಕು? ಇದಕ್ಕೆ ‘ಕೋರಿಕೆ ಸಭೆ’ಯ ಉಪಾಯವಿದೆ. ನಿಗದಿತ ಸಂಖ್ಯೆಯ ಸದಸ್ಯರು ವಿಷಯವನ್ನು ಸ್ಪಷ್ಟವಾಗಿ ಬರೆದು ಸಹಿ ಮಾಡಿ ಕೋರಿದರೆ ಸಭೆ ಕರೆಯಲೇಬೇಕು. 2013ರ ಕಂಪನಿ ಕಾಯ್ದೆಯ 100ನೇ ಕಲಮು ಇದರ ಪಕ್ವ ರೂಪವನ್ನು ತೋರಿಸುತ್ತದೆ. ಹತ್ತನೇ ಒಂದರಷ್ಟು ಮತಬಲವುಳ್ಳವರು ಕೋರಿದರೆ ಆಡಳಿತ ಮಂಡಳಿ 21 ದಿನಗಳೊಳಗೆ ಕ್ರಮ ಆರಂಭಿಸಿ 45 ದಿನಗಳೊಳಗಿನ ದಿನಾಂಕಕ್ಕೆ ಸಭೆ ಕರೆಯಬೇಕು. ಕರೆಯದಿದ್ದರೆ ಕೋರಿದವರೇ, ಕೋರಿಕೆ ಸಲ್ಲಿಸಿದ ದಿನದಿಂದ ಮೂರು ತಿಂಗಳೊಳಗೆ, ಕರೆದುಕೊಳ್ಳಬಹುದು. ಅಧ್ಯಕ್ಷರ ಮೌನವೇ ಸಭೆಗೆ ಬೀಗವಾಗದಂತೆ ನೋಡಿಕೊಳ್ಳುವ ಈ ಕೊನೆಯ ಅಂಶವೇ ಇಡೀ ಕಲಮಿನ ಜೀವಾಳ.

1969ರ ಪ್ರಕರಣ

ಕೋರಿಕೆ ಸಭೆಯ ಅತ್ಯಂತ ಪ್ರಸಿದ್ಧ ಭಾರತೀಯ ಉದಾಹರಣೆಯ ಕೇಂದ್ರದಲ್ಲಿದ್ದವರು ಚಿತ್ರದುರ್ಗದಲ್ಲಿ ವಕೀಲಿ ವೃತ್ತಿ ನಡೆಸಿದ್ದ ಎಸ್. ನಿಜಲಿಂಗಪ್ಪ. 1902ರಲ್ಲಿ ಹಲುವಾಗಲು ಗ್ರಾಮದಲ್ಲಿ ಜನಿಸಿದ ಅವರು ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು. 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. 1962ರ ಚುನಾವಣೆಯಲ್ಲಿ ಹೊಸದುರ್ಗ ಕ್ಷೇತ್ರದಲ್ಲಿ ಸೋತರೂ ಬಾಗಲಕೋಟೆಯಿಂದ ಆರಿಸಿ ಬಂದು ಮತ್ತೆ ಮುಖ್ಯಮಂತ್ರಿಯಾದರು. 1968ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು.

1969ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ನಡೆಯಿತು. ಅದೇ ಸಂದರ್ಭದಲ್ಲಿ ಪಕ್ಷದ ಸಂಸದೀಯ ಮಂಡಳಿ, ಪ್ರಧಾನಿ ಇಂದಿರಾ ಗಾಂಧಿಯವರ ಒಲವಿಗೆ ವಿರುದ್ಧವಾಗಿ, ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿಯನ್ನಾಗಿ ಆರಿಸಿತು. ಆಗಸ್ಟ್‌ನಲ್ಲಿ ಗೆದ್ದವರು ವಿ.ವಿ. ಗಿರಿ. ಆ ಬಳಿಕ ಸಮಿತಿಯ ನೂರಾರು ಸದಸ್ಯರು ಹೊಸ ಅಧ್ಯಕ್ಷರ ಆಯ್ಕೆಯ ಉದ್ದೇಶದಿಂದ ವಿಶೇಷ ಸಭೆ ಕರೆಯಬೇಕೆಂದು ಸಹಿ ಹಾಕಿ ಕೋರಿಕೆ ಸಲ್ಲಿಸಿದರು. ನಿಜಲಿಂಗಪ್ಪನವರು ಅದನ್ನು ಮಾನ್ಯ ಮಾಡಲಿಲ್ಲ. ನವೆಂಬರ್ 1ರಂದು ದೆಹಲಿಯಲ್ಲಿ ಒಂದೇ ಕಾರ್ಯಸಮಿತಿ ಎರಡು ಕಡೆ ಸೇರಿತು. ಅಧ್ಯಕ್ಷರು ಕರೆದ ಸಭೆ ಜಂತರ್ ಮಂತರ್ ರಸ್ತೆಯ ಪಕ್ಷದ ಕಚೇರಿಯಲ್ಲಿ, ಇನ್ನೊಂದು ಪ್ರಧಾನಿಯವರ ನಿವಾಸದಲ್ಲಿ. ಸದಸ್ಯರು ಸರಿಸುಮಾರು ಅರ್ಧರ್ಧ ಹಂಚಿಹೋದರು. ನವೆಂಬರ್ 12ರಂದು ಅಧ್ಯಕ್ಷರ ಪರವಿದ್ದ ಕಾರ್ಯಸಮಿತಿ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿತು. ನವೆಂಬರ್ 22 ಮತ್ತು 23ರಂದು ಕೋರಿಕೆದಾರರು ತಾವೇ ಕರೆದ ಸಭೆಗೆ 705 ಸದಸ್ಯರಲ್ಲಿ 446 ಮಂದಿ ಹಾಜರಾದರು. ಆ ಸಭೆ ನಿಜಲಿಂಗಪ್ಪನವರನ್ನು ಅಧ್ಯಕ್ಷಸ್ಥಾನದಿಂದ ತೆಗೆದು ಸಿ. ಸುಬ್ರಮಣಿಯಂ ಅವರನ್ನು ಹಂಗಾಮಿ ಅಧ್ಯಕ್ಷರನ್ನಾಗಿ ಆರಿಸಿತು.

ಯಾವ ಸಭೆ ಸಿಂಧು? ಅಧ್ಯಕ್ಷರ ಪಕ್ಷದವರ ವಾದ, ಅಧ್ಯಕ್ಷರು ಕರೆಯದ ಸಭೆ ಸಭೆಯೇ ಅಲ್ಲ ಎಂಬುದು. ಎದುರಿನವರ ವಾದ, ಬಹುಸಂಖ್ಯಾತ ಸದಸ್ಯರು ಕೇಳಿದ ಸಭೆಯನ್ನು ಕರೆಯದಿರುವ ಅಧಿಕಾರ ಅಧ್ಯಕ್ಷರಿಗಿಲ್ಲ ಎಂಬುದು. ಚುನಾವಣಾ ಆಯೋಗ 1971ರ ಜನವರಿಯಲ್ಲಿ, ಸಂಘಟನೆಯಲ್ಲಿಯೂ ಶಾಸಕಾಂಗಗಳಲ್ಲಿಯೂ ಯಾರ ಬಳಿ ಬಹುಮತವಿದೆ ಎಂಬುದನ್ನು ನೋಡಿ, ಜೋಡೆತ್ತಿನ ಚಿಹ್ನೆಯನ್ನು ಜಗಜೀವನ್ ರಾಂ ಅವರ ಅಧ್ಯಕ್ಷತೆಯ ಬಣಕ್ಕೆ ಕೊಟ್ಟಿತು. ಅದೇ ವರ್ಷ ಸಾದಿಕ್ ಅಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಂಖ್ಯಾಬಲದ ಈ ಮಾನದಂಡವನ್ನು ಎತ್ತಿಹಿಡಿಯಿತು. ಪಕ್ಷಗಳು ಒಡೆದಾಗ ಚಿಹ್ನೆ ಯಾರಿಗೆ ಎಂಬ ವ್ಯಾಜ್ಯಗಳಲ್ಲಿ ಇಂದಿಗೂ ಈ ತೀರ್ಪನ್ನು ಉಲ್ಲೇಖಿಸುತ್ತಾರೆ.

ಪ್ರಕರಣವನ್ನು ರಾಜಕೀಯ ಒಲವಿಲ್ಲದೆ ನೋಡಿದರೆ ಎರಡೂ ಕಡೆ ದೋಷ ಕಾಣುತ್ತದೆ. ಕೋರಿಕೆಯನ್ನು ತಡೆಹಿಡಿದ ಅಧ್ಯಕ್ಷರು, ತಮ್ಮ ಸ್ಥಾನವನ್ನು ಸಭೆಯ ಮುಂದೆ ಪರೀಕ್ಷೆಗೆ ಒಡ್ಡುವ ಸಂದರ್ಭವನ್ನು ತಾವೇ ಕಳೆದುಕೊಂಡರು. ಅತ್ತ ಕಾರ್ಯಸಮಿತಿಯನ್ನು ಮನೆಯಲ್ಲಿ ಸೇರಿಸಿದ್ದನ್ನು ಯಾವ ಕೈಪಿಡಿಯೂ ಸಮರ್ಥಿಸಲಾರದು. ನಾಲ್ಕು ದಶಕ ವಕೀಲಿಕೆ, ಶಾಸಕಾಂಗಗಳನ್ನು ಕಂಡಿದ್ದ ನಿಜಲಿಂಗಪ್ಪನವರಿಗೆ ನಿಯಮ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಅವರು ರಾಜಕೀಯದಿಂದ ಹಿಂದೆ ಸರಿದ ಬಳಿಕ ಚಿತ್ರದುರ್ಗದಲ್ಲಿಯೇ ನೆಲೆಸಿ 2000ದ ಆಗಸ್ಟ್‌ನಲ್ಲಿ ನಿಧನರಾದರು.

ಕೋರಂ

ಸಂವಿಧಾನದ 189ನೇ ವಿಧಿಯ ಪ್ರಕಾರ ರಾಜ್ಯ ಶಾಸಕಾಂಗದ ಸದನಕ್ಕೆ ಹತ್ತು ಸದಸ್ಯರು ಅಥವಾ ಒಟ್ಟು ಸಂಖ್ಯೆಯ ಹತ್ತನೇ ಒಂದು ಭಾಗ, ಇವುಗಳಲ್ಲಿ ಯಾವುದು ಹೆಚ್ಚೋ ಅದು ಕೋರಂ. 224 ಸದಸ್ಯರ ಕರ್ನಾಟಕ ವಿಧಾನಸಭೆಗೆ ಇದು 23, 75 ಸದಸ್ಯರ ವಿಧಾನ ಪರಿಷತ್ತಿಗೆ 10. ಗ್ರಾಮಸಭೆಗೆ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಹತ್ತನೇ ಒಂದು ಭಾಗ ಅಥವಾ ನೂರು ಮತದಾರರು, ಇವುಗಳಲ್ಲಿ ಕಡಿಮೆಯದನ್ನು ಕೋರಂ ಎಂದಿದೆ. ಒಂದು ಕಡೆ ‘ಹೆಚ್ಚಿನದು’, ಇನ್ನೊಂದು ಕಡೆ ‘ಕಡಿಮೆಯದು’ ಎಂಬುದನ್ನು ಗಮನಿಸಬೇಕು. ಶಾಸಕನಿಗೆ ಸದನಕ್ಕೆ ಬರುವುದೇ ಕೆಲಸ. ಗ್ರಾಮಸ್ಥನು ಹೊಲದ ಕೆಲಸ ಬಿಟ್ಟು ಬರಬೇಕು.

ಅನೇಕ ಸಂಘಗಳ ಬೈಲಾಗಳಲ್ಲಿ ಕೋರಂ ಇಲ್ಲದಿದ್ದರೆ ಸಭೆಯನ್ನು ಮುಂದೂಡಿ, ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ ಎಂಬ ನಿಯಮವಿರುತ್ತದೆ. ಇದನ್ನೇ ಆಧರಿಸಿ ‘ಅರ್ಧ ಗಂಟೆ ಮುಂದೂಡಲಾಗಿದೆ’ ಎಂದು ಘೋಷಿಸಿ ಅದೇ ಶಾಮಿಯಾನದಡಿ ಅದೇ ಹದಿನೈದು ಜನ ಎಲ್ಲವನ್ನೂ ಮುಗಿಸುವುದು ಸಾಮಾನ್ಯ ದೃಶ್ಯ. ಬೈಲಾ ಹಾಗಿದ್ದರೆ ಇದು ಕ್ರಮವೇ. ಆದರೆ ಸದಸ್ಯರ ಕೋರಿಕೆಯ ಮೇರೆಗೆ ಕರೆದ ಸಭೆಗೆ ಈ ರಿಯಾಯಿತಿ ಕೊಡುವುದಿಲ್ಲ. ಕಂಪನಿ ಕಾಯ್ದೆಯಲ್ಲಿ ಅಂಥ ಸಭೆ ಕೋರಂ ಇಲ್ಲದಿದ್ದರೆ ರದ್ದಾಗುತ್ತದೆ. ಕೇಳಿದವರೇ ಬರದಿದ್ದರೆ ಉಳಿದವರು ಕಾಯಬೇಕಿಲ್ಲ ಎಂಬುದು ಇದರ ತರ್ಕ.

ಚರ್ಚೆಯ ಕ್ರಮ

ಒಂದು ಹೊತ್ತಿಗೆ ಒಂದೇ ವಿಷಯ, ಒಬ್ಬರೇ ಮಾತು, ಮಾತೆಲ್ಲ ಅಧ್ಯಕ್ಷರನ್ನು ಉದ್ದೇಶಿಸಿ. ಉಳಿದ ನಿಯಮಗಳು ಹೆಚ್ಚುಕಡಿಮೆ ಇದರಿಂದಲೇ ಹುಟ್ಟುತ್ತವೆ.

ಉದಾಹರಣೆಗೆ ಹೊಸದುರ್ಗದ ಕಡೆಯ ಒಂದು ತೆಂಗು ಬೆಳೆಗಾರರ ಸಂಘ ಮಹಾಸಭೆ ಸೇರಿದೆ ಎಂದಿಟ್ಟುಕೊಳ್ಳೋಣ. ಒಬ್ಬ ಸದಸ್ಯರು ‘ಸಂಘದ ನಿಧಿಯಿಂದ ಕೊಬ್ಬರಿ ಗೋದಾಮು ಕಟ್ಟಿಸತಕ್ಕದ್ದೆಂದು ಸೂಚಿಸುತ್ತೇನೆ’ ಎನ್ನುತ್ತಾರೆ. ಇನ್ನೊಬ್ಬರು ಅನುಮೋದಿಸುತ್ತಾರೆ. ಅಧ್ಯಕ್ಷರು ಪ್ರಸ್ತಾವವನ್ನು ಗಟ್ಟಿಯಾಗಿ ಓದಿ ಸಭೆಯ ಮುಂದಿಡುತ್ತಾರೆ. ಅಲ್ಲಿಯವರೆಗೆ ಚರ್ಚೆಯಿಲ್ಲ. ಚರ್ಚೆಯ ನಡುವೆ ಮೂರನೆಯವರು ‘ಹತ್ತು ಲಕ್ಷ ರೂಪಾಯಿ ಮೀರದಂತೆ’ ಎಂಬ ಪದಗಳನ್ನು ಸೇರಿಸಬೇಕೆಂದು ತಿದ್ದುಪಡಿ ತರುತ್ತಾರೆ. ಈಗ ಸಭೆಯ ಮುಂದಿರುವ ಪ್ರಶ್ನೆ ಗೋದಾಮು ಬೇಕೇ ಎಂಬುದಲ್ಲ, ಆ ಪದಗಳು ಸೇರಬೇಕೇ ಎಂಬುದು. ಮೊದಲು ತಿದ್ದುಪಡಿಗೆ ಮತ. ಅದು ಗೆದ್ದರೂ ಸೋತರೂ ಬಳಿಕ ಮೂಲ ಪ್ರಸ್ತಾವಕ್ಕೆ, ಆಗ ಇರುವ ರೂಪದಲ್ಲಿ, ಇನ್ನೊಂದು ಮತ. ಗೋದಾಮೇ ಬೇಡವೆನ್ನುವವರೂ ತಿದ್ದುಪಡಿಯ ಪರವಾಗಿ ಮತ ಹಾಕಿ ಆಮೇಲೆ ಪ್ರಸ್ತಾವವನ್ನು ವಿರೋಧಿಸಬಹುದು, ಅದರಲ್ಲಿ ಅಸಂಗತವೇನೂ ಇಲ್ಲ. ‘ಗೋದಾಮು ಕಟ್ಟಿಸಬಾರದು’ ಎಂಬುದು ಮಾತ್ರ ತಿದ್ದುಪಡಿಯಾಗದು. ಅದು ನಿರಾಕರಣೆ, ಅದಕ್ಕೆ ವಿರುದ್ಧ ಮತ ಹಾಕಿದರೆ ಸಾಕು. ‘ಗೋದಾಮಿನ ಬದಲು ತುಮಕೂರು ಪ್ರವಾಸ’ ಎಂಬುದೂ ತಿದ್ದುಪಡಿಯಲ್ಲ, ಸಂಬಂಧವಿಲ್ಲದ ಬೇರೆ ಪ್ರಸ್ತಾವ.

ನಮ್ಮ ಸಭೆಗಳಲ್ಲಿ ಅತಿ ಹೆಚ್ಚು ಸಮಯ ಹಾಳಾಗುವುದು ಈ ಕ್ರಮ ತಪ್ಪಿದಾಗ. ಲಿಖಿತ ಪ್ರಸ್ತಾವವಿಲ್ಲದೆ ‘ಗೋದಾಮಿನ ವಿಷಯ’ ಎಂದು ಮಾತು ಶುರುವಾದರೆ ಎರಡು ತಾಸು ಕಳೆದರೂ ಯಾರಿಗೂ ತಾವು ಯಾವುದನ್ನು ಒಪ್ಪಿದೆವು, ಯಾವುದನ್ನು ಬಿಟ್ಟೆವು ಎಂಬುದು ತಿಳಿಯುವುದಿಲ್ಲ. ಪ್ರಸ್ತಾವವನ್ನು ಚೀಟಿಯಲ್ಲಿ ಬರೆದು ಕೊಡುವಂತೆ ಅಧ್ಯಕ್ಷರು ಕೇಳಿದರೆ ಅರ್ಧ ಗದ್ದಲ ಅಲ್ಲಿಗೇ ನಿಲ್ಲುತ್ತದೆ.

ಅಧ್ಯಕ್ಷರನ್ನು ಉದ್ದೇಶಿಸಿಯೇ ಮಾತನಾಡಬೇಕೆಂಬ ನಿಯಮಕ್ಕೆ ಹಳ್ಳಿಗಳಲ್ಲಿ ವಿಶೇಷ ಬೆಲೆಯಿದೆ. ಅಲ್ಲಿ ಸದಸ್ಯರು ಒಬ್ಬರಿಗೊಬ್ಬರು ಅಣ್ಣ, ಮಾವ, ಚಿಕ್ಕಪ್ಪ, ಅತ್ತಿಗೆಯಾಗಿರುತ್ತಾರೆ. ‘ಅಲ್ಲ ಮಾವ, ನೀವು ಹೇಳಿದ್ದು ತಪ್ಪು’ ಎನ್ನಲು ಹಿಂಜರಿಯುವ ಸೊಸೆ, ‘ಅಧ್ಯಕ್ಷರೇ, ಹಿಂದೆ ಮಾತನಾಡಿದ ಸದಸ್ಯರ ಲೆಕ್ಕ ಸರಿಯಿಲ್ಲ’ ಎಂದು ಹೇಳಬಲ್ಲಳು. ಅಧ್ಯಕ್ಷರ ಪೀಠದಲ್ಲಿ ಕುಳಿತವಳು ಯಾರದೋ ಸೊಸೆಯಾಗಿದ್ದರೂ ಅಲ್ಲಿರುವವರೆಗೆ ಆಕೆ ಅಧ್ಯಕ್ಷರು.

ಕ್ರಿಯಾಲೋಪವನ್ನು ಮಾತಿನ ನಡುವೆಯೂ ಎತ್ತಬಹುದು. ಆದರೆ ಯಾವ ನಿಯಮ ಮುರಿದಿದೆ ಎಂದು ಹೇಳಬೇಕು. ‘ಅವರು ಹೇಳಿದ್ದು ಸುಳ್ಳು’ ಎಂಬುದು ಕ್ರಿಯಾಲೋಪವಲ್ಲ. ಅಧ್ಯಕ್ಷರು ತಕ್ಷಣ ತೀರ್ಪು ಕೊಡಬೇಕು, ಅಗತ್ಯವಿದ್ದರೆ ಕಾಯ್ದಿರಿಸಬಹುದು. 2019ರ ಜುಲೈ 18ರಂದು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ವಿಶ್ವಾಸಮತ ಪ್ರಸ್ತಾವದ ಚರ್ಚೆಯಲ್ಲಿ ಸಿದ್ದರಾಮಯ್ಯನವರು, ರಾಜೀನಾಮೆ ಕೊಟ್ಟ ಶಾಸಕರ ಬಗ್ಗೆ ಸುಪ್ರೀಂ ಕೋರ್ಟ್ ನೀಡಿದ್ದ ಮಧ್ಯಂತರ ಆದೇಶದಿಂದ ಪಕ್ಷದ ವಿಪ್ ಅಧಿಕಾರ ಏನಾಗುತ್ತದೆ ಎಂಬ ಕ್ರಿಯಾಲೋಪ ಎತ್ತಿದರು. ಚರ್ಚೆ 23ರವರೆಗೂ ಎಳೆಯಿತು. ಕ್ರಿಯಾಲೋಪ ನಿಜವಾದ ಸಂವಿಧಾನ ಪ್ರಶ್ನೆಯೂ ಆಗಬಹುದು, ಕಾಲಹರಣದ ಸಾಧನವೂ ಆಗಬಹುದು, ಒಮ್ಮೊಮ್ಮೆ ಎರಡೂ ಆಗಬಹುದು.

ಚರ್ಚೆ ಸಾಕಾಯಿತೆಂದು ಮತಕ್ಕೆ ಹಾಕಲು ಕೋರುವ ಪ್ರಸ್ತಾವಕ್ಕೆ ರಾಬರ್ಟ್ ಪದ್ಧತಿಯಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ಬಾಯಿ ಮುಚ್ಚಿಸಲು ಸರಳ ಬಹುಮತ ಸಾಲದು ಎಂಬ ವಿವೇಕ ಇದರ ಹಿಂದಿದೆ.

ಮತ ಎಣಿಕೆ

ಸಾಮಾನ್ಯ ವಿಧಾನ ಧ್ವನಿಮತ. ‘ಪರವಾಗಿರುವವರು ಹೌದು ಎನ್ನಿ, ವಿರುದ್ಧವಾಗಿರುವವರು ಇಲ್ಲ ಎನ್ನಿ’ ಎಂದು ಕೇಳಿ ಅಧ್ಯಕ್ಷರು ಫಲಿತಾಂಶ ಘೋಷಿಸುತ್ತಾರೆ. ಯಾರಾದರೂ ಪ್ರಶ್ನಿಸಿದರೆ ಕೈ ಎತ್ತಿಸಿ ಅಥವಾ ನಿಲ್ಲಿಸಿ ಎಣಿಸಬೇಕು. ಈ ಬೇಡಿಕೆಯನ್ನು ನಿರಾಕರಿಸಿದ ಅಧ್ಯಕ್ಷರ ಘೋಷಣೆಗೆ ಗೌರವ ಉಳಿಯುವುದಿಲ್ಲ. ಕುಮಾರಸ್ವಾಮಿಯವರ ಪ್ರಸ್ತಾವ ಸಾಲುಸಾಲಾಗಿ ತಲೆ ಎಣಿಸಿದ ಬಳಿಕ 99–105 ಅಂತರದಲ್ಲಿ ಬಿದ್ದುಹೋಯಿತು.

ಸಂವಿಧಾನದ 189ನೇ ವಿಧಿಯಂತೆ ಸದನದ ಅಧ್ಯಕ್ಷರು ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ, ಸಮಬಲವಾದಾಗ ಮಾತ್ರ ನಿರ್ಣಾಯಕ ಮತ. ಅದನ್ನು ಹೇಗೆ ಹಾಕಬೇಕೆಂಬ ಬಗ್ಗೆ ಬ್ರಿಟಿಷ್ ಸ್ಪೀಕರ್ ಡೆನಿಸನ್ 1867ರಲ್ಲಿ ಹಾಕಿಕೊಟ್ಟ ಮೇಲ್ಪಂಕ್ತಿಯಿದೆ. ಬಹುಮತವಿಲ್ಲದ ಬದಲಾವಣೆಯನ್ನು ಅಧ್ಯಕ್ಷರು ತಮ್ಮ ಒಂದು ಮತದಿಂದ ಉಂಟುಮಾಡಬಾರದು, ಇರುವ ಸ್ಥಿತಿಯನ್ನು ಉಳಿಸಬೇಕು.

ಬಹುಮತವನ್ನು ಎಲ್ಲಿ ಎಣಿಸಬೇಕು ಎಂಬ ಪ್ರಶ್ನೆಗೆ ದೇಶಕ್ಕೆ ಉತ್ತರ ದೊರೆತುದು ಕರ್ನಾಟಕದ ಪ್ರಕರಣದಿಂದ. 1989ರ ಏಪ್ರಿಲ್‌ನಲ್ಲಿ 19 ಶಾಸಕರ ಬೆಂಬಲ ವಾಪಸಾತಿ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಅವರಲ್ಲಿ ಕೆಲವರು ಮರುದಿನವೇ ಪತ್ರವನ್ನು ಅಲ್ಲಗಳೆದರು. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶ ಕೇಳಿದರೂ ಸಿಗಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಮಂತ್ರಿಮಂಡಲದ ಬಲಾಬಲ ತೀರ್ಮಾನವಾಗಬೇಕಾದುದು ಸದನದಲ್ಲಿಯೇ ಹೊರತು ರಾಜ್ಯಪಾಲರ ವೈಯಕ್ತಿಕ ಅಭಿಪ್ರಾಯದಿಂದಲ್ಲ ಎಂದು ಹೇಳಿತು. ಪತ್ರಕ್ಕೆ ಮನೆಯಲ್ಲಿ ಸಹಿ ಹಾಕುವುದೂ ಸಹೋದ್ಯೋಗಿಗಳ ಮುಂದೆ ಎದ್ದು ನಿಂತು ಮತ ಹೇಳುವುದೂ ಬೇರೆಬೇರೆ ಎಂಬ ತಿಳಿವಳಿಕೆ ಈ ತೀರ್ಪಿನ ತಳಹದಿ.

ನಡಾವಳಿ ಪುಸ್ತಕ

ಸಭೆ ಮುಗಿದ ಮೇಲೆ ಉಳಿಯುವುದು ಪುಸ್ತಕ ಒಂದೇ. ಅದರಲ್ಲಿ ದಿನಾಂಕ, ಸ್ಥಳ, ಹಾಜರಾದವರ ಸಹಿ, ಅಧ್ಯಕ್ಷತೆ ವಹಿಸಿದವರ ಹೆಸರು, ಪ್ರತಿ ಪ್ರಸ್ತಾವದ ಪೂರ್ಣ ಪಾಠ, ಸೂಚಕ ಅನುಮೋದಕರ ಹೆಸರು, ಫಲಿತಾಂಶ ಮತ್ತು ಎಣಿಕೆ ನಡೆದಿದ್ದರೆ ಸಂಖ್ಯೆ ಇರಬೇಕು. ಭಾಷಣಗಳನ್ನು ಬರೆಯಬೇಕಿಲ್ಲ. ವಿರೋಧಿಸಿದವರು ಬಯಸಿದರೆ ಅವರ ಭಿನ್ನಾಭಿಪ್ರಾಯವನ್ನು ಹೆಸರು ಸಹಿತ ದಾಖಲಿಸಬೇಕು. ನಾಳೆ ಹಣ ದುರುಪಯೋಗವಾದರೆ ಅವರನ್ನು ಹೊಣೆಯಿಂದ ಕಾಯುವುದು ಆ ಒಂದು ಸಾಲು. ಮುಂದಿನ ಸಭೆಯ ಮೊದಲ ವಿಷಯ ಹಿಂದಿನ ನಡಾವಳಿಯನ್ನು ಓದಿ ದೃಢೀಕರಿಸುವುದು. ಆಗ ಚರ್ಚಿಸಬಹುದಾದುದು ಬರವಣಿಗೆ ಸರಿಯಿದೆಯೇ ಎಂಬುದನ್ನು ಮಾತ್ರ, ತೀರ್ಮಾನ ಸರಿಯಿತ್ತೇ ಎಂಬುದನ್ನಲ್ಲ.

ಸಭೆಗಳಲ್ಲಿ ಕಾಣುವ ದೋಷಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಸಹಿ ಮೊದಲು, ಬರಹ ಆಮೇಲೆ ಎಂಬ ರೂಢಿ. ಸದಸ್ಯರು ಬರುತ್ತಿದ್ದಂತೆ ಹಾಜರಿಗೆಂದು ಸಹಿ ಪಡೆದು, ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ ವಾರದ ಬಳಿಕ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆಯಲಾಗುತ್ತದೆ. ಟೀ ಕುಡಿದು ಎದ್ದು ಹೋದವನು ಕೂಡ ಹೀಗೆ ತಾನು ಕೇಳಿಯೇ ಇಲ್ಲದ ನಿರ್ಣಯಕ್ಕೆ ಸಾಕ್ಷಿಯಾಗುತ್ತಾನೆ. ಇದಕ್ಕೆ ಮದ್ದು ಸರಳ. ಹಾಜರಿ ಸಹಿಯ ಕೆಳಗೆ ಗೆರೆ ಎಳೆಯುವುದು, ಪುಟಗಳಿಗೆ ಮೊದಲೇ ಸಂಖ್ಯೆ ಹಾಕುವುದು, ನಿರ್ಣಯವನ್ನು ಸಭೆಯಲ್ಲಿಯೇ ಬರೆದು ಓದಿ ಹೇಳುವುದು. ‘ಸರ್ವಾನುಮತ’ ಎಂಬ ಪದವನ್ನು ಒಬ್ಬರೂ ವಿರೋಧಿಸದಿದ್ದಾಗ ಮಾತ್ರ ಬಳಸಬೇಕು. ‘ಬಹುಮತದಿಂದ’ ಎಂದು ಬರೆಯುವುದರಲ್ಲಿ ಅವಮಾನವೇನೂ ಇಲ್ಲ.

ಸಹಕಾರ ಸಂಘಗಳಲ್ಲಿ

ದೇಶದ ಮೊದಲ ಗ್ರಾಮೀಣ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಹುಟ್ಟಿತು. ಇಂದು ರಾಜ್ಯದ ಸಂಘಗಳು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಗೆ ಒಳಪಟ್ಟಿವೆ. ಸೆಪ್ಟೆಂಬರ್ ಬಂದರೆ ಹೊಳಲ್ಕೆರೆ, ಹಿರಿಯೂರು ಮೊದಲಾದ ಕಡೆಗಳಲ್ಲಿ ಹಾಲು ಉತ್ಪಾದಕರ ಮತ್ತು ಪತ್ತಿನ ಸಂಘಗಳ ವಾರ್ಷಿಕ ಮಹಾಸಭೆಗಳ ಕಾಲ. ಸದಸ್ಯನಿಗೆ ಎಷ್ಟು ಷೇರುಗಳಿದ್ದರೂ ಮತ ಒಂದೇ. ಕಳೆದ ಐದು ಮಹಾಸಭೆಗಳಲ್ಲಿ ನಿಗದಿತ ಸಂಖ್ಯೆಯಷ್ಟಕ್ಕೆ ಹಾಜರಾಗದವರು ಮತದ ಹಕ್ಕು ಕಳೆದುಕೊಳ್ಳುವ ನಿಯಮವಿರುವುದರಿಂದ ಹಾಜರಿ ಪುಸ್ತಕಕ್ಕೆ ಇಲ್ಲಿ ಅಸಾಧಾರಣ ತೂಕ ಬಂದಿದೆ. ಚುನಾವಣೆಯ ಮುನ್ನ ಅರ್ಹ ಮತದಾರರ ಪಟ್ಟಿ ಪ್ರಕಟವಾದಾಗ ಏಳುವ ತಕರಾರುಗಳ ಮೂಲ ಹೆಚ್ಚಾಗಿ ಈ ಪುಸ್ತಕವೇ. ಊಟಕ್ಕೆ ಮೊದಲು ಸಹಿ ಹಾಕಿದ್ದೇನೆಯೇ ಎಂದು ನೋಡಿಕೊಳ್ಳುವುದು ಸದಸ್ಯರಿಗೆ ಕ್ಷೇಮ.

ಲೆಕ್ಕಪರಿಶೋಧನಾ ವರದಿಯನ್ನು ಕಾರ್ಯಸೂಚಿಯ ಆರಂಭದಲ್ಲಿಯೇ ಇಡಬೇಕು. ಸನ್ಮಾನ, ಸ್ವಾಗತ, ಅತಿಥಿಗಳ ಭಾಷಣಗಳಿಗೆ ಬೆಳಗಿನ ಹೊತ್ತು ಹೋಗಿ, ಜಮಾಖರ್ಚು ಊಟದ ವಾಸನೆ ಬರುವ ಹೊತ್ತಿಗೆ ಬಂದರೆ ಪ್ರಶ್ನೆ ಕೇಳುವವರು ಉಳಿದಿರುವುದಿಲ್ಲ.

ಗ್ರಾಮ ಪಂಚಾಯಿತಿಗಳಲ್ಲಿ

ಸಂವಿಧಾನದ 73ನೇ ತಿದ್ದುಪಡಿಯ ಬಳಿಕ 1993ರ ಮೇ 10ರಿಂದ ಜಾರಿಗೆ ಬಂದ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ವಿಧಿಸುತ್ತದೆ. ಗ್ರಾಮಸಭೆಗೆ ಪಂಚಾಯಿತಿ ಅಧ್ಯಕ್ಷರು, ವಾರ್ಡ್ ಸಭೆಗೆ ಆ ವಾರ್ಡಿನ ಸದಸ್ಯರು ಅಧ್ಯಕ್ಷತೆ ವಹಿಸುತ್ತಾರೆ. ಫಲಾನುಭವಿಗಳ ಆಯ್ಕೆ, ಕಾಮಗಾರಿಗಳ ಆದ್ಯತೆ ಇಲ್ಲಿ ನಿಗದಿಯಾಗುವುದರಿಂದ ಮನೆಯಿಲ್ಲದವರಿಗೆ, ಕುಡಿಯುವ ನೀರಿಗಾಗಿ ಕಾಯುವ ಬಯಲುಸೀಮೆಯ ಹಳ್ಳಿಗಳಿಗೆ ಈ ಸಭೆಯ ನಡಾವಳಿ ಅಲಂಕಾರದ ಮಾತಲ್ಲ. ಯಾವ ಹೆಸರು ಪಟ್ಟಿಗೆ ಸೇರಿತು ಎಂಬುದನ್ನು ಆ ದಿನವೇ ಓದಿಸದಿದ್ದರೆ ಅದು ಬದಲಾಗುವ ಸಾಧ್ಯತೆ ಉಳಿದೇ ಇರುತ್ತದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಸಭೆಯಲ್ಲಿದ್ದು ಸಲಹೆ ನೀಡಬಹುದು, ದಾಖಲಿಸಬಹುದು, ಮತ ಹಾಕುವಂತಿಲ್ಲ.

ಕರ್ನಾಟಕದಲ್ಲಿ 2010ರಿಂದ ಪಂಚಾಯಿತಿಗಳ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಸದಸ್ಯೆಯ ಪತಿ ಅಥವಾ ಮಗ ಸಭೆಯಲ್ಲಿ ಕುಳಿತು ಮಾತನಾಡುವ ಪರಿಪಾಠವನ್ನು ಸಭಾ ನಿಯಮ ಒಪ್ಪುವುದಿಲ್ಲ. ಸದಸ್ಯರಲ್ಲದವರು ಚರ್ಚೆಯಲ್ಲಿ ಭಾಗವಹಿಸಿದರೆ ಯಾವುದೇ ಸದಸ್ಯರು ಕ್ರಿಯಾಲೋಪ ಎತ್ತಬಹುದು, ಅವರನ್ನು ಹೊರಗೆ ಕಳುಹಿಸುವುದು ಅಧ್ಯಕ್ಷರ ಕರ್ತವ್ಯ. ಅಧ್ಯಕ್ಷೆಯ ಪತಿಯೇ ಆ ವ್ಯಕ್ತಿಯಾಗಿದ್ದಾಗ ಈ ಕರ್ತವ್ಯ ಎಷ್ಟು ಕಠಿಣವೆಂಬುದನ್ನು ಕಾಯ್ದೆ ಹೇಳುವುದಿಲ್ಲ.

ಅಧ್ಯಕ್ಷ ಅಥವಾ ಉಪಾಧ್ಯಕ್ಷರ ವಿರುದ್ಧದ ಅವಿಶ್ವಾಸ ನಿರ್ಣಯಕ್ಕೆ ಒಟ್ಟು ಸದಸ್ಯ ಸಂಖ್ಯೆಯ ಮೂರನೇ ಎರಡರಷ್ಟು ಬೆಂಬಲ ಬೇಕು. ಹಾಜರಿದ್ದವರ ಮೂರನೇ ಎರಡಲ್ಲ. 18 ಸದಸ್ಯರ ಪಂಚಾಯಿತಿಯಲ್ಲಿ 12 ಮತ ಬೇಕು, ಆರು ಮಂದಿ ಸಭೆಗೆ ಬರದಿದ್ದರೂ ಅದು ಕಡಿಮೆಯಾಗುವುದಿಲ್ಲ. ಇಂಥ ಸಭೆಯನ್ನು ಕರೆಯುವವರು ಅಧ್ಯಕ್ಷರಲ್ಲ, ಉಪವಿಭಾಗಾಧಿಕಾರಿ. 1969ರಲ್ಲಿ ಬಿಡಿಸಲಾಗದೆ ಹೋದ ಗಂಟು, ತನ್ನ ಪದಚ್ಯುತಿಯ ಸಭೆಯನ್ನು ತಾನೇ ಕರೆಯಬೇಕಾದ ಅಧ್ಯಕ್ಷರ ಸ್ಥಿತಿ, ಪಂಚಾಯಿತಿ ಕಾಯ್ದೆಯಲ್ಲಿ ಹೀಗೆ ಬಿಡಿಸಲ್ಪಟ್ಟಿದೆ. ಅದೇ ರೀತಿ ಸಂಘಗಳ ಬೈಲಾ ರಚಿಸುವವರು, ಪದಾಧಿಕಾರಿಯ ವಿರುದ್ಧದ ಕೋರಿಕೆ ಬಂದಾಗ ಸಭೆ ಕರೆಯುವ ಹೊಣೆ ಉಪಾಧ್ಯಕ್ಷರದೋ ಕಾರ್ಯದರ್ಶಿಯದೋ ಎಂಬುದನ್ನು ಮೊದಲೇ ಬರೆದಿಡುವುದು ಒಳಿತು.